ಅಲ್ ಬದಾಯರ್‌ನಿಂದ ಲಿವಾವರೆಗೆ: ಎಮಿರೇಟ್ಸ್ ಮರಳಿನಲ್ಲಿ ಗಾಡಿ ಓಡಿಸಲು ಹಂತಹಂತದ ಮಾರ್ಗದರ್ಶಿ

ದುಬೈಯಿಂದ ಹತ್ತಾ ಕಡೆಗೆ ಹೋಗುವ ಇ-44 ಹೆದ್ದಾರಿಯಲ್ಲಿ ಲಹಬಾಬ್ ದಾಟಿದ ಮೇಲೆ ಎರಡೂ ಬದಿಯ ಮರಳಿನ ಬಣ್ಣ ಕೆಂಪಾಗುತ್ತ ಹೋಗುತ್ತದೆ. ಕಣಕಣದ ಮೇಲೂ ಕಬ್ಬಿಣದ ಆಕ್ಸೈಡ್ ತೆಳುವಾಗಿ ಕೂತಿರುವುದರಿಂದ ಬಂದ ಬಣ್ಣ ಅದು. ಯುಎಇಯಲ್ಲಿ ದುಡಿಯುವ ಕನ್ನಡಿಗರಲ್ಲಿ ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ ಇಟ್ಟುಕೊಂಡವರು ಅನೇಕರಿದ್ದಾರೆ. ಮನೆ, ಕಚೇರಿ, ಮಕ್ಕಳ ಶಾಲೆ ಎಂದು ಡಾಂಬರಿನ ಮೇಲೆಯೇ ವರ್ಷಗಟ್ಟಲೆ ಓಡಿಸಿ, ಈ ಕೆಂಪು ದಿಬ್ಬಗಳನ್ನು ಕಿಟಕಿಯಿಂದ ನೋಡಿಕೊಂಡೇ ಹತ್ತಾಕ್ಕೆ ಹೋಗಿ ಬರುವವರು ಅವರಲ್ಲಿ ಹೆಚ್ಚು. ಇನ್ನು ಕೆಲವರು ಯಾವ ತಯಾರಿಯೂ ಇಲ್ಲದೆ ಒಂದು ಸಂಜೆ ಮರಳಿಗಿಳಿದು, ಗಾಡಿ ಅಚ್ಚಿನವರೆಗೆ ಹೂತು, ಯಾರೋ ಬಂದು ಎಳೆದು ಹಾಕಿದ ಮೇಲೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಈ ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆದಿದ್ದೇನೆ.

ಇಲ್ಲಿ ನಾಲ್ಕು ಪ್ರದೇಶಗಳನ್ನು ಕಲಿಕೆಯ ಕ್ರಮದಲ್ಲಿ ಹೇಳಲಾಗಿದೆ. ಒಂದೊಂದು ಪ್ರದೇಶವೂ ಒಂದೊಂದು ಪಾಠ ಕಲಿಸುತ್ತದೆ. ಒಂದರ ಪಾಠ ಕೈಗೆ ಹತ್ತದೆ ಮುಂದಿನದಕ್ಕೆ ಹೋಗಬಾರದು. ಮರಳಿನಲ್ಲಿ ಗಾಡಿ ಓಡಿಸುವ ವಿದ್ಯೆಯಲ್ಲಿ ದಿಬ್ಬ ಹತ್ತುವುದು ಎಲ್ಲರ ಕಣ್ಣಿಗೆ ಬೀಳುವ ಭಾಗ. ಆದರೆ ಗಾಡಿಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು, ಆಗದಿದ್ದಾಗ ನೆಟ್ಟಗೆ ಹಿಂದಕ್ಕೆ ಇಳಿಯುವುದು, ಇವೆರಡು ಗೊತ್ತಿದ್ದವರು ಮಾತ್ರ ಹತ್ತುವುದನ್ನು ಸುಖವಾಗಿ ಕಲಿಯುತ್ತಾರೆ ಎಂಬುದು ನನ್ನ ದೃಢವಾದ ನಂಬಿಕೆ.

ಗಾಡಿ ಮತ್ತು ಸಾಮಾನು

ಎತ್ತರವಾಗಿ ಕಾಣುವ ಗಾಡಿಗಳೆಲ್ಲ ಮರಳಿಗೆ ಆಗುವುದಿಲ್ಲ. ನಿಮ್ಮ ಗಾಡಿಯಲ್ಲಿ ಲೋ ರೇಂಜ್ ಗೇರು, ಅಂದರೆ ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಗೇರು ಇದೆಯೇ ಎಂದು ಮೊದಲು ನೋಡಿಕೊಳ್ಳಿ. ನಿಸ್ಸಾನ್ ಪ್ಯಾಟ್ರೋಲ್, ಟೊಯೋಟಾ ಲ್ಯಾಂಡ್ ಕ್ರೂಸರ್, ಪ್ರಾಡೊ, ಎಫ್‌ಜೆ ಕ್ರೂಸರ್, ಮಿತ್ಸುಬಿಷಿ ಪಜೆರೊ, ಜೀಪ್ ರ‍್ಯಾಂಗ್ಲರ್ ಮುಂತಾದವು ಇಲ್ಲಿನ ಮರಳಿನಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಕಾರಣ ಇದೇ. ಆದರೆ ಅದೇ ಹೆಸರಿನ ಗಾಡಿಗಳಲ್ಲಿ ಕೆಲವು ಎರಡೇ ಚಕ್ರಕ್ಕೆ ಬಲ ಕೊಡುವ ಮಾದರಿಗಳೂ ಮಾರಾಟವಾಗಿರುತ್ತವೆ. ಹಳೆಯ ಗಾಡಿ ಕೊಳ್ಳುವವರು ಹೆಸರು ನೋಡಿ ಮೋಸಹೋಗದೆ ಒಳಗಿನ ಗೇರನ್ನೇ ನೋಡಬೇಕು.

ಟೈರುಗಳ ಬದಿಯ ಗೋಡೆಯಲ್ಲಿ ಬಿರುಕಿದ್ದರೆ ಆ ಟೈರುಗಳೊಂದಿಗೆ ಮರಳಿಗೆ ಇಳಿಯಬೇಡಿ, ಏಕೆಂದರೆ ಮರಳಿಗಾಗಿ ಟೈರಿನ ಗಾಳಿ ಇಳಿಸಿದಾಗ ಭಾರವೆಲ್ಲ ಆ ಗೋಡೆಯ ಮೇಲೆಯೇ ಬೀಳುತ್ತದೆ. ಗಾಡಿಯ ಮುಂದೆ ಮತ್ತು ಹಿಂದೆ, ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ ಬಿಗಿದ ಗಟ್ಟಿ ಕೊಕ್ಕೆಗಳಿರಬೇಕು. ಹಿಂಬದಿಯಲ್ಲಿ ಟ್ರೇಲರ್ ಕಟ್ಟಲು ಇರುವ ಉಂಡೆಯಾಕಾರದ ಕೊಂಡಿಗೆ ಎಳೆಯುವ ಹಗ್ಗವನ್ನು ಎಂದಿಗೂ ಸಿಕ್ಕಿಸಬಾರದು. ಹಗ್ಗ ಬಿಗಿದಾಗ ಆ ಉಂಡೆ ಮುರಿದು ಗುಂಡಿನಂತೆ ಹಾರಿ ಜನರ ಜೀವ ತೆಗೆದ ಉದಾಹರಣೆಗಳು ಜಗತ್ತಿನಾದ್ಯಂತ ಇವೆ. ಈ ಒಂದು ವಿಷಯದಲ್ಲಿ ಯಾರ ಅನುಭವದ ಮಾತಿಗೂ, ಯಾರ ಅವಸರಕ್ಕೂ ಮಣಿಯಬೇಡಿ.

ಜೊತೆಗಿರಬೇಕಾದ ಸಾಮಾನು ಹೆಚ್ಚೇನಿಲ್ಲ. ಟೈರಿನ ಗಾಳಿ ಅಳೆಯುವ ಮಾಪಕ, ಬ್ಯಾಟರಿಗೆ ನೇರವಾಗಿ ಸಿಕ್ಕಿಸುವ ಕಂಪ್ರೆಸರ್, ಉದ್ದ ಹಿಡಿಯ ಸಲಿಕೆ, ಗಾಡಿಯ ತೂಕಕ್ಕೆ ತಕ್ಕ ಎಳೆಯುವ ಹಗ್ಗ ಮತ್ತು ಹಗ್ಗವನ್ನು ಕೊಕ್ಕೆಗೆ ಸೇರಿಸುವ ಎರಡು ಶ್ಯಾಕಲ್ ಕೊಂಡಿಗಳು, ಪೂರ್ತಿ ಗಾಳಿಯಿರುವ ಸ್ಟೆಪ್ನಿ, ಜ್ಯಾಕ್, ಜ್ಯಾಕಿನ ಕೆಳಗಿಡಲು ಒಂದು ಅಗಲವಾದ ದಪ್ಪ ಹಲಗೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಹಲಗೆ ಕ್ಷುಲ್ಲಕವೆಂದು ಬಿಟ್ಟು ಹೋಗುವವರು ಬಹಳ. ಅದಿಲ್ಲದೆ ಜ್ಯಾಕು ಮರಳಿನೊಳಗೆ ಇಳಿಯುತ್ತದೆಯೇ ಹೊರತು ಗಾಡಿ ಮೇಲೇಳುವುದಿಲ್ಲ. ಗಾಡಿಯ ಮೇಲೆ ಎತ್ತರವಾಗಿ ಹಾರುವ ಬಾವುಟ ಕಟ್ಟಿಕೊಳ್ಳಿ, ದಿಬ್ಬದ ಆಚೆಯಿಂದ ಬರುವವರಿಗೆ ನೀವಿರುವುದು ಮೊದಲು ಅದರಿಂದಲೇ ತಿಳಿಯುತ್ತದೆ. ಒಬ್ಬರಿಗೆ ದಿನಕ್ಕೆ 5 ಲೀಟರಿನಂತೆ ನೀರು ಇರಲಿ, ಅರ್ಧ ದಿನಕ್ಕೆ ಹೋಗುವವರೂ ಒಂದು ದಿನದ ನೀರನ್ನೇ ಒಯ್ಯಲಿ.

ಬಾಡಿಗೆ ಗಾಡಿಗಳ ಕರಾರಿನಲ್ಲಿ ಸಾಮಾನ್ಯವಾಗಿ ಮರಳಿಗೆ ಇಳಿಯಬಾರದೆಂಬ ಷರತ್ತು ಇರುತ್ತದೆ. ಸ್ವಂತ ಗಾಡಿಯಾದರೆ ವಿಮೆಯಲ್ಲಿ ಆಫ್‌ರೋಡ್ ರಕ್ಷಣೆ ಸೇರಿದೆಯೇ ಎಂದು ಓದಿಕೊಳ್ಳಿ.

ಜೊತೆ ಮತ್ತು ಕಾಲ

ಒಂಟಿ ಗಾಡಿಯಲ್ಲಿ ಹೋಗಬಾರದು. ಎರಡು ಗಾಡಿಗಳಿದ್ದರೂ ಒಂದು ಹೂತು ಅದನ್ನು ಎಳೆಯಲು ಹೋದ ಇನ್ನೊಂದೂ ಹೂತರೆ ಇಬ್ಬರೂ ಅಲ್ಲೇ ಉಳಿಯಬೇಕಾಗುತ್ತದೆ. ಆದ್ದರಿಂದ ಮೂರು ಗಾಡಿಗಳು ಕನಿಷ್ಠವೆಂದು ಲೆಕ್ಕ ಹಾಕಿ. ಅವುಗಳಲ್ಲಿ ಒಬ್ಬರಾದರೂ ಹಲವು ವರ್ಷ ಮರಳಿನಲ್ಲಿ ಪಳಗಿದವರಾಗಿರಬೇಕು. ಪಳಗಿದವರು ಮುಂದೆ, ಹೊಸಬರು ಅವರ ಹಿಂದೆಯೇ, ಎರಡನೆಯ ಅನುಭವಿ ಇದ್ದರೆ ಅವರು ಎಲ್ಲರ ಕೊನೆಗೆ ಎಂಬುದು ಸಾಲಿನ ಕ್ರಮ. ಮುಂದಿನ ಗಾಡಿ ಬಿಟ್ಟ ಚಕ್ರದ ಗುರುತಿನಲ್ಲೇ ಹೋಗಬೇಕು, ಅವರು ದಿಬ್ಬದ ಆಚೆ ಇಳಿದು ದಾರಿ ತೆರವಾಗಿದೆ ಎಂದು ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೊದಲ್ಲಿ ಹೇಳುವವರೆಗೆ ನೀವು ಹತ್ತಬಾರದು.

ಕಾಲ ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ. ಬೇಸಗೆಯ ಬಿಸಿಲನ್ನು ಲಘುವಾಗಿ ಕಾಣಬೇಡಿ: 2025ರ ಮೇ 24ರಂದು ನಾವು ಮುಂದೆ ಹೇಳಲಿರುವ ಸುವೈಹಾನ್‌ನಲ್ಲೇ 51.6 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅಂಥ ದಿನ ಗಾಡಿ ಹೂತರೆ ಸಲಿಕೆ ಹಿಡಿಯುವ ಶಕ್ತಿ ಕೆಲವೇ ನಿಮಿಷಗಳಲ್ಲಿ ಸೋರಿಹೋಗುತ್ತದೆ. ಚಳಿಗಾಲದಲ್ಲಿ ಬೇರೆ ತೊಂದರೆಯಿದೆ. ಮುಂಜಾವಿನ ದಟ್ಟ ಮಂಜು ಕೆಲವೊಮ್ಮೆ ಗಂಟೆಗಟ್ಟಲೆ ಕರಗುವುದಿಲ್ಲ, ಮಂಜಿನಲ್ಲಿ ದಿಬ್ಬಗಳ ನಡುವೆ ಇಳಿಯಬಾರದು.

ದಿನದೊಳಗಿನ ಸಮಯವೂ ಮುಖ್ಯ. ಬೆಳಗಿನ ಮರಳಿನಲ್ಲಿ ಇಬ್ಬನಿಯ ತೇವ ಉಳಿದಿರುವುದರಿಂದ ಅದು ಗಟ್ಟಿಯಾಗಿರುತ್ತದೆ. ಬಿಸಿಲೇರಿದಂತೆ ಒಣಗಿ ಸಡಿಲವಾಗುತ್ತದೆ. ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದಾಗ ನೆರಳೇ ಬೀಳದ ಕಾರಣ ಮುಂದಿರುವುದು ಸಮತಟ್ಟೋ ಹತ್ತಡಿ ಹಳ್ಳವೋ ಕಣ್ಣಿಗೆ ತಿಳಿಯುವುದಿಲ್ಲ. ಸಂಜೆ ಪಶ್ಚಿಮಕ್ಕೆ ಮುಖ ಮಾಡಿ ಓಡಿಸುವಾಗ ಸೂರ್ಯ ನೇರ ಕಣ್ಣಿಗೇ ಬೀಳುತ್ತಾನೆ. ಹೊಸಬರಿಗೆ ಬೆಳಗ್ಗೆ 7ರಿಂದ 10ರವರೆಗಿನ ಹೊತ್ತೇ ಹಿತ.

ಮೊದಲ ಹಾದಿ: ಅಲ್ ಬದಾಯರ್

ಇ-44 ಹೆದ್ದಾರಿಯ ಪಕ್ಕದಲ್ಲೇ ಇರುವ ಅಲ್ ಬದಾಯರ್ ಶಾರ್ಜಾಕ್ಕೆ ಸೇರಿದೆ. ಇಲ್ಲಿನ ಸುಮಾರು 100 ಮೀಟರ್ ಎತ್ತರದ ಕೆಂಪು ದಿಬ್ಬವನ್ನು ಅರಬರು ಅಲ್ ಹಮರ್ ಎನ್ನುತ್ತಾರೆ, ಉಳಿದವರ ಬಾಯಲ್ಲಿ ಅದು ಬಿಗ್ ರೆಡ್. ನಿಮಗೆ ಮೊದಲ ದಿನ ಬೇಕಾದದ್ದು ಆ ದೊಡ್ಡ ದಿಬ್ಬವಲ್ಲ. ಅದರ ಸುತ್ತಲಿನ, ಆಳೆತ್ತರದ ಸಣ್ಣ ದಿಬ್ಬಗಳಲ್ಲೇ ಪಾಠ ನಡೆಯಲಿ. 2022ರ ಜನವರಿಯಿಂದ ದೇಶದ ವಾರಾಂತ್ಯ ಶನಿವಾರ ಮತ್ತು ಭಾನುವಾರಕ್ಕೆ ಬದಲಾಗಿದ್ದು, ಶಾರ್ಜಾದಲ್ಲಿ ಶುಕ್ರವಾರವೂ ಪೂರ್ತಿ ರಜೆ. ಆ ದಿನಗಳ ಸಂಜೆ ಇಲ್ಲಿ ನಾಲ್ಕು ಚಕ್ರದ ಬೈಕುಗಳು ಮತ್ತು ಬಗ್ಗಿಗಳು ಎಲ್ಲ ದಿಕ್ಕಿನಿಂದಲೂ ನುಗ್ಗುತ್ತಿರುತ್ತವೆ, ಆದ್ದರಿಂದ ಬೆಳಗ್ಗೆಯೇ ಬಂದು ಜನ ಸೇರುವ ಹೊತ್ತಿಗೆ ಹೊರಡಿ.

ಮರಳಿಗೆ ಇಳಿಯುವ ಮೊದಲು ಗಟ್ಟಿ ನೆಲದಲ್ಲಿ ನಿಂತು ಟೈರುಗಳ ಗಾಳಿ ಇಳಿಸಬೇಕು. ಈ ವಿದ್ಯೆಯ ಅರ್ಧ ಭಾಗ ಇದೇ. ರಸ್ತೆಯ ಮೇಲೆ 30ರಿಂದ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುವ ಟೈರನ್ನು 15 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ, ಅದು ಮರಳಿನ ಮೇಲೆ ಒಂಟೆಯ ಪಾದದಂತೆ ಹರಡಿಕೊಳ್ಳುತ್ತದೆ. ಟೈರು ಅಗಲವಾಗುವುದಕ್ಕಿಂತ ಹೆಚ್ಚಾಗಿ ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ, ಗಾಡಿಯ ಅದೇ ತೂಕ ಹೆಚ್ಚು ಜಾಗಕ್ಕೆ ಹಂಚಿಹೋಗುವುದರಿಂದ ಚಕ್ರ ಮರಳನ್ನು ಕೊರೆಯದೆ ಅದರ ಮೇಲೆ ತೇಲುತ್ತದೆ. ಗಾಳಿ ಇಳಿಸದೆ ಎಷ್ಟು ಬಲವಾದ ಎಂಜಿನ್ ಇದ್ದರೂ ಪ್ರಯೋಜನವಿಲ್ಲ. ನಾಲ್ಕೂ ಟೈರುಗಳಲ್ಲಿ ಒಂದೇ ಪ್ರಮಾಣ ಇರಲಿ. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಟೈರು ಮಾಪಕದಲ್ಲಿ ಕೆಲವು ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಅದನ್ನೂ ಗಮನದಲ್ಲಿಡಿ.

ಇದರಲ್ಲಿ ಒಂದು ಅಪಾಯವೂ ಇದೆ. ಗಾಳಿ ಕಡಿಮೆಯಿರುವ ಟೈರನ್ನು ರಿಮ್ಮಿಗೆ ಕಚ್ಚಿ ಹಿಡಿದಿರುವ ಬಲವೂ ಕಡಿಮೆಯಿರುತ್ತದೆ. ನನ್ನ ಮೊದಲ ವರ್ಷದಲ್ಲಿ 12 ಪಿಎಸ್‌ಐ ಇಟ್ಟುಕೊಂಡು ವೇಗದಲ್ಲಿದ್ದಾಗಲೇ ಸ್ಟಿಯರಿಂಗನ್ನು ಒಮ್ಮೆಲೇ ಪೂರ್ತಿ ತಿರುಗಿಸಿದ್ದೆ. ಮುಂದಿನ ಎಡ ಟೈರು ರಿಮ್ಮಿನಿಂದ ಕಳಚಿಕೊಂಡಿತು. ಹಲಗೆಯ ಮೇಲೆ ಜ್ಯಾಕ್ ಇಟ್ಟು ಎತ್ತಿ, ರಿಮ್ಮಿನ ಅಂಚಿನಲ್ಲಿ ತುಂಬಿದ ಮರಳನ್ನು ನೀರಿನಿಂದ ತೊಳೆದು, ಕಂಪ್ರೆಸರಿನಿಂದ ಮತ್ತೆ ಗಾಳಿ ತುಂಬಿ ಕೂರಿಸುವಷ್ಟರಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಅಂದಿನಿಂದ ನಾನು ಹೊಸಬರಿಗೆ 15ಕ್ಕಿಂತ ಕೆಳಗೆ ಇಳಿಸಬೇಡಿ, ತಿರುವನ್ನು ದೊಡ್ಡ ಬಳಸಿನಲ್ಲಿ ತೆಗೆದುಕೊಳ್ಳಿ ಎಂದು ಹೇಳುತ್ತೇನೆ.

ಗಾಳಿ ಇಳಿಸಿದ ಮೇಲೆ ನಾಲ್ಕು ಚಕ್ರಕ್ಕೂ ಬಲ ಕೊಡುವ ಗೇರಿಗೆ ಬದಲಿಸಿ, ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲನ್ನು ಆಫ್ ಮಾಡಿ. ಅದು ಚಾಲೂ ಇದ್ದರೆ ಚಕ್ರ ಸ್ವಲ್ಪ ಜಾರಿದ ಕೂಡಲೇ ಎಂಜಿನ್ನಿನ ಬಲವನ್ನು ತಗ್ಗಿಸಿಬಿಡುತ್ತದೆ, ಮರಳಿನಲ್ಲಿ ನಿಮಗೆ ಬಲ ಬೇಕಾಗುವುದೇ ಆ ಕ್ಷಣದಲ್ಲಿ. ಸೀಟನ್ನು ಸ್ವಲ್ಪ ನೆಟ್ಟಗೆ ಮಾಡಿಕೊಂಡು ಮುಂದಿನ ನೆಲ ಕಾಣುವಂತೆ ಕುಳಿತುಕೊಳ್ಳಿ. ಸ್ಟಿಯರಿಂಗಿನ ಒಳಗೆ ಹೆಬ್ಬೆರಳು ಸಿಕ್ಕಿಸಬೇಡಿ, ಚಕ್ರ ಗುಂಡಿಗೆ ಬಡಿದಾಗ ಸ್ಟಿಯರಿಂಗ್ ತಟ್ಟನೆ ತಿರುಗಿ ಬೆರಳು ಮುರಿಯಬಹುದು. ಎಲ್ಲರೂ ಬೆಲ್ಟ್ ಕಟ್ಟಿರಲಿ, ಹಿಂದಿನ ಸಾಮಾನನ್ನೂ ಹಗ್ಗದಿಂದ ಬಿಗಿದಿರಲಿ.

ಈಗ ಮೊದಲ ಪಾಠ: ನಿಲ್ಲುವುದು. ಮರಳಿನಲ್ಲಿ ಬ್ರೇಕ್ ಒತ್ತಿ ನಿಲ್ಲಿಸಬೇಡಿ. ಬ್ರೇಕ್ ಒತ್ತಿದಾಗ ಚಕ್ರದ ಮುಂದೆ ಮರಳಿನ ದಂಡೆ ಎದ್ದು, ಹೊರಡುವಾಗ ಅದೇ ನಿಮ್ಮನ್ನು ತಡೆಯುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಮರಳೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಯಾವಾಗಲೂ ಗಾಡಿಯ ಮೂತಿ ಇಳಿಜಾರಿನ ಕಡೆಗಿರುವಂತೆ ನಿಲ್ಲಿಸಿ. ಮತ್ತೆ ಹೊರಡುವಾಗ ನೆಲವೇ ನಿಮಗೆ ಸಹಾಯ ಮಾಡುತ್ತದೆ. ಅರ್ಧ ಗಂಟೆ ಇಷ್ಟನ್ನೇ ಅಭ್ಯಾಸ ಮಾಡಿ: ಹೊರಡುವುದು, ತೇಲುವುದು, ಕಾಲು ತೆಗೆದು ಇಳಿಜಾರಿನಲ್ಲಿ ನಿಲ್ಲುವುದು. ಬೇಸರ ತರುವ ಅಭ್ಯಾಸವೆಂದು ಕಂಡರೂ ಲಿವಾದಲ್ಲಿ ನಿಮ್ಮನ್ನು ಕಾಪಾಡುವುದು ಇದೇ.

ಹೂತಾಗ ಏನು ಮಾಡಬೇಕು

ಮೊದಲ ದಿನವೇ ಹೂಳುತ್ತೀರಿ, ಎಲ್ಲರೂ ಹೂತವರೇ. ಗಾಡಿ ಮುಂದಕ್ಕೆ ಹೋಗುತ್ತಿಲ್ಲವೆಂದು ತಿಳಿದ ಕ್ಷಣವೇ ಆಕ್ಸಿಲರೇಟರ್ ಬಿಡಬೇಕು. ನಿಂತಲ್ಲೇ ಚಕ್ರ ಸುತ್ತಿಸುವುದೆಂದರೆ ಬಾವಿ ತೋಡಿದಂತೆ. ಗಾಡಿಯ ಹೊಟ್ಟೆ ಮರಳಿಗೆ ತಾಗಿದ ಮೇಲೆ ಕೆಲಸ ಹತ್ತು ಪಟ್ಟಾಗುತ್ತದೆ.

ಮೊದಲು ಸ್ಟಿಯರಿಂಗ್ ನೆಟ್ಟಗೆ ಮಾಡಿ, ಬಂದ ದಾರಿಯಲ್ಲೇ ರಿವರ್ಸ್ ಪ್ರಯತ್ನಿಸಿ. ಬಂದ ಗುರುತಿನ ಮರಳು ಈಗಾಗಲೇ ಒತ್ತಿ ಗಟ್ಟಿಯಾಗಿರುವುದರಿಂದ ಅಲ್ಲಿ ಹಿಡಿತ ಸಿಗುತ್ತದೆ. ಆಗದಿದ್ದರೆ ಇಳಿದು ನೋಡಿ. ಯಾವ ಚಕ್ರ ಹೂತಿದೆ, ಹೊಟ್ಟೆ ಎಲ್ಲಿ ತಾಗಿದೆ ಎಂದು ತಿಳಿಯದೆ ಸಲಿಕೆ ಹಾಕುವುದು ವ್ಯರ್ಥ ಶ್ರಮ. ಚಕ್ರಗಳ ಹಿಂದಿನ ಮರಳನ್ನು ಇಳಿಜಾರಾಗಿ ತೆಗೆದು, ಹೊಟ್ಟೆಯ ಕೆಳಗಿನದನ್ನೂ ಸರಿಸಿ, ಟೈರಿನಿಂದ ಇನ್ನು ಎರಡು ಮೂರು ಪಿಎಸ್‌ಐ ಇಳಿಸಿ, ಲೋ ರೇಂಜಿನಲ್ಲಿ ಮೆಲ್ಲಗೆ ಹಿಂದಕ್ಕೆ ತನ್ನಿ. ನಾಲ್ಕು ಮಂದಿ ಸೇರಿ ತಳ್ಳಿದರೆ ಅನೇಕ ಬಾರಿ ಹಗ್ಗದ ಅಗತ್ಯವೇ ಬೀಳುವುದಿಲ್ಲ. ಹೀಗೆ ತೀರಾ ಇಳಿಸಿದ ಗಾಳಿಯನ್ನು ಹೊರಬಂದ ಕೂಡಲೇ ಮತ್ತೆ 15ಕ್ಕೆ ತರಬೇಕು.

ಹಗ್ಗವೇ ಬೇಕಾದಾಗ ಎರಡೂ ಗಾಡಿಗಳ ಗಟ್ಟಿ ಕೊಕ್ಕೆಗಳಿಗೆ ಶ್ಯಾಕಲ್ ಹಾಕಿ ಕಟ್ಟಿ, ಹಗ್ಗದ ನಡುವೆ ಒಂದು ಭಾರವಾದ ಜಾಕೆಟ್ ಅಥವಾ ಕಂಬಳಿ ಹೊದಿಸಿ. ಕಿತ್ತುಬಂದರೆ ಹಾರುವ ರಭಸವನ್ನು ಅದು ತಗ್ಗಿಸುತ್ತದೆ. ಹಗ್ಗದ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಎಲ್ಲರೂ ನಿಲ್ಲಬೇಕು, ಮಕ್ಕಳನ್ನು ಬೇರೊಂದು ಗಾಡಿಯೊಳಗೆ ಕೂರಿಸಬೇಕು. ಮೊಬೈಲಿನಲ್ಲಿ ಚಿತ್ರ ತೆಗೆಯಲು ಹಗ್ಗದ ಪಕ್ಕಕ್ಕೆ ಬರುವವರನ್ನು ಸಂಕೋಚವಿಲ್ಲದೆ ಗದರಿ ಕಳುಹಿಸಿ.

ಎರಡನೆಯ ಹಾದಿ: ಮ್ಲೇಹಾ ಮತ್ತು ಫಾಸಿಲ್ ರಾಕ್

ಬದಾಯರ್‌ನಿಂದ ಉತ್ತರಕ್ಕೆ, ಶಾರ್ಜಾದ ಒಳನಾಡಿನಲ್ಲಿ ಮ್ಲೇಹಾ ಇದೆ. ಕೆಂಪು ದಿಬ್ಬಗಳ ನಡುವಿನಿಂದ ಬೂದು ಬಣ್ಣದ ಸುಣ್ಣಕಲ್ಲಿನ ಗುಡ್ಡವೊಂದು ಮೇಲೆದ್ದು ನಿಂತಿರುವ ದೃಶ್ಯ ಬಹು ದೂರದಿಂದಲೇ ಕಾಣುತ್ತದೆ. ಸುಮಾರು 7 ಕೋಟಿ ವರ್ಷಗಳ ಹಿಂದೆ ಇದು ಸಮುದ್ರದ ತಳ. ಆಗಿನ ಚಿಪ್ಪುಜೀವಿಗಳ ಪಳೆಯುಳಿಕೆಗಳು ಬಂಡೆಯಲ್ಲಿ ಇಂದಿಗೂ ಇರುವುದರಿಂದ ಫಾಸಿಲ್ ರಾಕ್ ಎಂಬ ಹೆಸರು. ಪಕ್ಕದ ಫಾಯಾ ಬೆಟ್ಟಸಾಲಿನಲ್ಲಿ 2,10,000 ವರ್ಷಗಳಷ್ಟು ಹಿಂದಿನ ಮನುಷ್ಯ ವಾಸದ ಕುರುಹುಗಳು ಸಿಕ್ಕಿದ್ದು, 2025ರಲ್ಲಿ ಫಾಯಾ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮ್ಲೇಹಾದಲ್ಲಿ 2016ರಲ್ಲಿ ತೆರೆದ ಪುರಾತತ್ವ ಕೇಂದ್ರವನ್ನು ನೋಡಿದ ಮೇಲೆಯೇ ಮರಳಿಗಿಳಿಯಿರಿ ಎಂದು ನಾನು ಹೇಳುತ್ತೇನೆ. ಯಾವ ನೆಲದ ಮೇಲೆ ಚಕ್ರ ಉರುಳುತ್ತಿದೆ ಎಂದು ತಿಳಿದವನ ಕೈ ತಾನಾಗಿಯೇ ಜೋಪಾನವಾಗುತ್ತದೆ.

ಈ ಪ್ರದೇಶದ ಒಂದು ಭಾಗವನ್ನು ಈಗ ಸಂರಕ್ಷಣೆಗೆ ಒಳಪಡಿಸಲಾಗಿದೆ. ಹಳೆಯ ಜಿಪಿಎಸ್ ಗುರುತುಗಳು ನೇರವಾಗಿ ಬೇಲಿಯೊಳಗೆ ಕರೆದೊಯ್ಯಬಹುದು, ಆದ್ದರಿಂದ ಹೊರಡುವ ವಾರದಲ್ಲೇ ಅಲ್ಲಿಗೆ ಹೋಗಿಬಂದವರನ್ನು ಕೇಳಿ, ಬೇಲಿ ಮತ್ತು ಫಲಕ ಕಂಡಲ್ಲಿ ಹೊರಗಿನಿಂದಲೇ ಬಳಸಿ ಹೋಗಿ. ಪಳೆಯುಳಿಕೆಗಳನ್ನು ಕಿತ್ತು ತರುವುದು ಬೇಡ.

ಇಲ್ಲಿನ ಪಾಠ ದಿಬ್ಬದ ನೆತ್ತಿ ದಾಟುವುದು. ಮೊದಲು ದಿಬ್ಬ ಹೇಗೆ ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ಶಮಾಲ್ ಎಂಬ ವಾಯವ್ಯದ ಗಾಳಿ ಮರಳನ್ನು ನಿಧಾನವಾಗಿ ಮೇಲಕ್ಕೆ ಉರುಳಿಸಿ ತರುವ ಬದಿ ನೀಳವಾಗಿ, ಗಟ್ಟಿಯಾಗಿ ಇರುತ್ತದೆ. ನೆತ್ತಿ ದಾಟಿದ ಕಣಗಳು ಆಚೆ ಬದಿಗೆ ಸುರಿದು 32ರಿಂದ 34 ಡಿಗ್ರಿಯ ಕಡಿದಾದ, ಮೆತ್ತನೆಯ ಜಾರುಮುಖವಾಗುತ್ತದೆ. ಒಣ ಮರಳು ಅದಕ್ಕಿಂತ ಕಡಿದಾಗಿ ನಿಲ್ಲಲಾರದು, ಇನ್ನಷ್ಟು ಸುರಿದರೆ ಕುಸಿದು ಮತ್ತೆ ಅದೇ ಕೋನಕ್ಕೆ ಬರುತ್ತದೆ. ಹತ್ತುವುದು ಗಾಳಿ ಬೀಸುವ ಬದಿಯಿಂದ, ಇಳಿಯುವುದು ಜಾರುಮುಖದಲ್ಲಿ ಎಂಬುದು ಸಾಮಾನ್ಯ ಕ್ರಮ. ಆದರೆ ಋತು ಬದಲಾದಾಗ ಗಾಳಿಯ ದಿಕ್ಕು ಬದಲಾಗಿ ನೆತ್ತಿಯ ತುದಿ ಒಂದೇ ವಾರದಲ್ಲಿ ತಿರುಗಿಕೊಳ್ಳಬಹುದು, ಹಿಂದಿನ ಬಾರಿ ಹತ್ತಿದ ದಿಬ್ಬವೆಂಬ ಧೈರ್ಯ ಸಾಲದು.

ಅನುಮಾನವಿದ್ದ ದಿಬ್ಬವನ್ನು ಮೊದಲು ಕಾಲ್ನಡಿಗೆಯಲ್ಲಿ ಹತ್ತಿ ಆಚೆ ಏನಿದೆ ನೋಡಿ ಬನ್ನಿ. ನಂತರ ಕೆಳಗಿನ ಸಮತಟ್ಟಿನಲ್ಲಿ ಬೇಕಾದ ವೇಗ ಪಡೆದು, ದಿಬ್ಬಕ್ಕೆ ನೇರವಾಗಿ ಮುಖ ಮಾಡಿ ಹತ್ತಿ. ನೆತ್ತಿ ಒಂದು ಗಾಡಿಯ ಉದ್ದದಷ್ಟು ದೂರವಿದೆ ಎನ್ನುವಾಗ ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿ, ಗಾಡಿ ತನ್ನ ಉಳಿದ ವೇಗದಲ್ಲೇ ಮೂತಿಯನ್ನು ಆಚೆಗೆ ಬಾಗಿಸಲಿ. ಕಾಲು ಬೇಗ ತೆಗೆದರೆ ನೆತ್ತಿಯ ಮೇಲೆ ಹೊಟ್ಟೆ ತಾಗಿ ತಕ್ಕಡಿಯಂತೆ ತೂಗುತ್ತ ನಿಲ್ಲುತ್ತೀರಿ, ಅದರಿಂದ ಮುಜುಗರ ಬಿಟ್ಟರೆ ಹಾನಿಯಿಲ್ಲ. ಕಾಲು ತೆಗೆಯಲು ತಡಮಾಡಿದರೆ ಗಾಡಿ ಗಾಳಿಯಲ್ಲಿ ಹಾರಿ ಮೂತಿಯ ಮೇಲೆ ಬೀಳುತ್ತದೆ, ಬೆನ್ನುಮೂಳೆಗಳು ಮುರಿಯುವುದು ಹೀಗೆಯೇ. ಎರಡರಲ್ಲಿ ಯಾವ ತಪ್ಪು ಮೇಲೆಂದು ಹೇಳಬೇಕಾಗಿಲ್ಲ.

ಜಾರುಮುಖದಲ್ಲಿ ಇಳಿಯುವಾಗ ಗಾಡಿ ನೂಲು ಹಿಡಿದಂತೆ ನೇರವಾಗಿರಬೇಕು. ಕಡಿಮೆ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯಲಿ. ಹಿಂಭಾಗ ಒಂದು ಕಡೆಗೆ ವಾಲತೊಡಗಿದರೆ ಬ್ರೇಕ್ ಒತ್ತಬೇಡಿ; ಮೂತಿಯನ್ನು ಇಳಿಜಾರಿಗೆ ನೇರ ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಹಿಂಭಾಗ ಮತ್ತೆ ಸಾಲಿಗೆ ಬರುತ್ತದೆ. ಹತ್ತುವಾಗ ಅರ್ಧದಲ್ಲೇ ವೇಗ ಸೋತರೆ, ಅಲ್ಲಿಯೇ ಗಾಡಿಯನ್ನು ತಿರುಗಿಸುವ ಯೋಚನೆ ಬೇಡವೇ ಬೇಡ. ಅಡ್ಡವಾದ ಗಾಡಿ ಉರುಳುತ್ತದೆ. ರಿವರ್ಸ್ ಗೇರು ಹಾಕಿ, ಹತ್ತಿದ ಗುರುತಿನಲ್ಲೇ ನೆಟ್ಟಗೆ ಕೆಳಗಿಳಿದು, ಇನ್ನಷ್ಟು ಹಿಂದಿನಿಂದ ಮತ್ತೆ ಪ್ರಯತ್ನಿಸಿ. ಮೂರು ಬಾರಿ ಆಗದಿದ್ದರೆ ಬೇರೆ ದಾರಿ ಹುಡುಕಿ.

ಮೂರನೆಯ ಹಾದಿ: ಸುವೈಹಾನ್

ಅಬುಧಾಬಿ ಮತ್ತು ಅಲ್ ಐನ್ ನಡುವಿನ ಒಳನಾಡಿನಲ್ಲಿರುವ ಸುವೈಹಾನ್ ಸುತ್ತಲಿನ ಮರಳು ಬದಾಯರ್‌ನಷ್ಟು ಕೆಂಪಲ್ಲ, ಜನಸಂದಣಿಯೂ ಇಲ್ಲ. ಒಂಟೆ ಸಾಕುವವರ ಬೇಲಿಗಳು, ಒಂದರ ಹಿಂದೊಂದು ಬರುವ ಮಧ್ಯಮ ಎತ್ತರದ ದಿಬ್ಬಗಳು, ಅವುಗಳ ನಡುವೆ ಬಟ್ಟಲಿನಂಥ ತಗ್ಗುಗಳು ಇಲ್ಲಿವೆ. ಎರಡು ಪಾಠಗಳನ್ನು ಇಲ್ಲಿ ಕಲಿಯಬೇಕು.

ಮೊದಲನೆಯದು ದಿಬ್ಬದ ಮಗ್ಗುಲಲ್ಲಿ ಅಡ್ಡವಾಗಿ ಓಡಿಸುವುದು. ಪ್ರತಿ ದಿಬ್ಬವನ್ನೂ ನೇರ ಹತ್ತಿ ಇಳಿಯುವುದು ಸಾಧ್ಯವಿಲ್ಲ; ಬಟ್ಟಲಿನ ಅಂಚಿನಲ್ಲಿ ಬಳಸಿ ಮೇಲೆ ಬರಬೇಕಾಗುತ್ತದೆ. ಸಮನಾದ ವೇಗ ಇಟ್ಟುಕೊಂಡು, ಮುಂದಿನ ಚಕ್ರಗಳನ್ನು ತುಸು ಮೇಲಕ್ಕೆ ತಿರುಗಿಸಿಕೊಂಡು ಸಾಗಿ. ಗಾಡಿ ಕೆಳಗೆ ಜಾರುತ್ತಿದೆ ಅನ್ನಿಸಿದ ಕೂಡಲೇ ಸ್ಟಿಯರಿಂಗನ್ನು ಇಳಿಜಾರಿನ ಕಡೆಗೇ ತಿರುಗಿಸಿ. ಮನಸ್ಸು ಮೇಲಕ್ಕೆ ತಿರುಗಿಸು ಎಂದು ಹೇಳುತ್ತದೆ, ಅದರ ಮಾತು ಕೇಳಿದರೆ ಗಾಡಿ ಮಗುಚುತ್ತದೆ.

ಎರಡನೆಯದು ದಾರಿ ಗುರುತಿಸುವುದು. ಮರಳಿನಲ್ಲಿ ನಾಲ್ಕು ದಿಬ್ಬ ದಾಟಿದ ಮೇಲೆ ದಿಕ್ಕು ತಪ್ಪುವುದು ಸಹಜ. ಫೋನಿನ ಸಿಗ್ನಲ್ ನೆಚ್ಚಿಕೊಳ್ಳದೆ ಆ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಹೊರಟ ಜಾಗ ಹಾಗೂ ಹತ್ತಿರದ ಡಾಂಬರು ರಸ್ತೆಯನ್ನು ಅದರಲ್ಲಿ ಗುರುತು ಹಾಕಿ. ಮನೆಯಲ್ಲಿರುವ ಒಬ್ಬರಿಗೆ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ರಸ್ತೆಗೆ ಮರಳುತ್ತೀರಿ ಎಂದು ಹೇಳಿ ಹೊರಡಿ. ತುರ್ತು ಸಂದರ್ಭದಲ್ಲಿ ಪೊಲೀಸರ ಸಂಖ್ಯೆ 999, ಆಂಬುಲೆನ್ಸ್ 998, ರಾಷ್ಟ್ರೀಯ ಶೋಧ ಮತ್ತು ರಕ್ಷಣಾ ಕೇಂದ್ರದ ಸಂಖ್ಯೆ 995. ದಾರಿ ತಪ್ಪಿದರೆ ಅಥವಾ ಗಾಡಿ ಕೆಟ್ಟರೆ ಗಾಡಿಯನ್ನು ಬಿಟ್ಟು ನಡೆಯಬೇಡಿ. ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ, ನೆರಳೂ ನೀರೂ ಅಲ್ಲೇ ಇರುತ್ತವೆ.

ಈ ಮರಳಿನಲ್ಲಿ ಅಲ್ಲಲ್ಲಿ ಒಂಟಿಯಾಗಿ ನಿಂತ ಗಾಫ್ ಮರಗಳು ಕಾಣುತ್ತವೆ. ನಮ್ಮಲ್ಲಿ ವಿಜಯದಶಮಿಯಂದು ಪೂಜಿಸಿ, ಎಲೆ ಹಂಚಿಕೊಂಡು, ಬಂಗಾರದಂತಿರೋಣ ಎಂದು ಹಾರೈಸುವ ಬನ್ನಿ ಮರವೇ ಅದು. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಒಂದೇ ಹೆಸರು. ಯುಎಇ ಇದನ್ನು 2008ರಲ್ಲಿ ರಾಷ್ಟ್ರೀಯ ವೃಕ್ಷವೆಂದು ಘೋಷಿಸಿತು. ಬೇರು ಬಹಳ ಆಳಕ್ಕಿಳಿದು ನೀರು ಹುಡುಕುವ ಈ ಮರದ ಕೊಂಬೆಯನ್ನು ಬೆಂಕಿಗೆಂದು ಮುರಿಯುವುದು ಇಲ್ಲಿ ಅಪರಾಧ, ನಮಗಂತೂ ಅದನ್ನು ಮುಟ್ಟುವ ಮನಸ್ಸೇ ಬರಬಾರದು. ನೆರಳಿಗೆ ನಿಲ್ಲುವಾಗಲೂ ಬುಡದ ಹತ್ತಿರ ಗಾಡಿ ತರದೆ ಸ್ವಲ್ಪ ದೂರದಲ್ಲೇ ನಿಲ್ಲಿಸಿ.

ನಾಲ್ಕನೆಯ ಹಾದಿ: ಲಿವಾ

ಒಂದು ಚಳಿಗಾಲವನ್ನಾದರೂ ಹಿಂದಿನ ಮೂರು ಕಡೆ ಕಳೆದ ಮೇಲೆ ಲಿವಾಕ್ಕೆ ಬನ್ನಿ. ಅಬುಧಾಬಿ ನಗರದಿಂದ 200 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಖರ್ಜೂರದ ತೋಟಗಳ ಊರುಗಳು ಬಿಲ್ಲಿನಾಕಾರದಲ್ಲಿ ಹರಡಿವೆ. ಅವುಗಳ ದಕ್ಷಿಣಕ್ಕೆ ರಬ್ ಅಲ್ ಖಾಲಿ, ಅಂದರೆ ಸುಮಾರು 6,50,000 ಚದರ ಕಿಲೋಮೀಟರಿನಷ್ಟು ಹರಡಿ ನಾಲ್ಕು ದೇಶಗಳನ್ನು ತಾಗುವ ಮರಳುಗಾಡಿನ ಅಂಚು ಶುರುವಾಗುತ್ತದೆ. ಇಡೀ ಕರ್ನಾಟಕದ ವಿಸ್ತೀರ್ಣದ ಮೂರು ಪಟ್ಟಿಗಿಂತ ಹೆಚ್ಚು ಮರಳು ಅದು. ಮೆಜೈರಾ ಊರಿನಿಂದ ದಕ್ಷಿಣಕ್ಕೆ ಹೋಗುವ ಡಾಂಬರು ರಸ್ತೆ ಸುಮಾರು 300 ಮೀಟರ್ ಎತ್ತರದ ತಲ್ ಮೊರೀಬ್ ದಿಬ್ಬದ ಬುಡಕ್ಕೆ ತಲುಪುತ್ತದೆ. ಚಳಿಗಾಲದ ಉತ್ಸವದಲ್ಲಿ ವಿಶೇಷವಾಗಿ ಸಜ್ಜುಗೊಳಿಸಿದ ಗಾಡಿಗಳು ಅದನ್ನು ಹತ್ತುವ ಸ್ಪರ್ಧೆ ನಡೆಯುತ್ತದೆ. ನಮ್ಮ ನಿತ್ಯದ ಗಾಡಿಗಳಿಗೆ ಅದು ನೋಡುವ ದಿಬ್ಬ.

ಲಿವಾದ ಮುಖ್ಯ ಗುಣವೊಂದನ್ನು ಮೊದಲೇ ತಿಳಿದಿರಬೇಕು. ಇಲ್ಲಿನ ದೊಡ್ಡ ದಿಬ್ಬಗಳ ಜಾರುಮುಖಗಳು ದಕ್ಷಿಣಕ್ಕೆ ತಿರುಗಿವೆ. ಉತ್ತರದಿಂದ ದಕ್ಷಿಣಕ್ಕೆ ಹೋಗುವಾಗ ನೀಳ ಬದಿಯಲ್ಲಿ ಹತ್ತಿ ಜಾರುಮುಖದಲ್ಲಿ ಇಳಿಯುತ್ತೀರಿ, ಎಲ್ಲವೂ ಸುಲಭವೆನಿಸುತ್ತದೆ. ವಾಪಸು ಬರುವಾಗ ಅದೇ ಜಾರುಮುಖಗಳು ಗೋಡೆಯಂತೆ ಎದುರು ನಿಲ್ಲುತ್ತವೆ. ಎರಡು ತಾಸಿನಲ್ಲಿ ಹೋದ ದೂರವನ್ನು ಮರಳಲು ಇಡೀ ದಿನ ಹಿಡಿಯಬಹುದು. ಆದ್ದರಿಂದ ಹೋಗುವ ದಾರಿಗಿಂತ ಮೊದಲು ಬರುವ ದಾರಿಯನ್ನು ಗೊತ್ತುಮಾಡಿಕೊಳ್ಳಿ, ಹೋದ ಹೊತ್ತಿನ ಮೂರು ಪಟ್ಟನ್ನು ಹಿಂತಿರುಗಲು ಇಟ್ಟುಕೊಳ್ಳಿ. ದಕ್ಷಿಣದಲ್ಲಿ ಸೌದಿ ಅರೇಬಿಯಾದ ಗಡಿ ಬಹು ದೂರವಿಲ್ಲ, ಗಡಿಯ ಹತ್ತಿರಕ್ಕೆ ಸುಳಿಯಲೇಬಾರದು.

ದಿಬ್ಬಗಳ ನಡುವೆ ಬಿಳಿಚಿದ ಚಪ್ಪಟೆ ಬಯಲುಗಳಿವೆ, ಅವೇ ಸಬ್ಖಾ. ಮರಳಿನಲ್ಲಿ ದಣಿದ ಚಾಲಕನಿಗೆ ಅದು ಆಟದ ಮೈದಾನದಂತೆ ಕಂಡು ವೇಗವಾಗಿ ಹೋಗುವ ಆಸೆ ಹುಟ್ಟಿಸುತ್ತದೆ. ಮೇಲಿನ ಉಪ್ಪಿನ ಹೆಪ್ಪು ಗಟ್ಟಿಯಿದ್ದರೂ ಅದರ ಕೆಳಗೆ ಅಂಟಂಟಾದ ಕೆಸರಿರಬಹುದು. ಹೆಪ್ಪು ಒಡೆದು ಗಾಡಿ ಇಳಿದರೆ ಮರಳಿನಲ್ಲಿ ಹೂತದ್ದಕ್ಕಿಂತ ಹತ್ತು ಪಟ್ಟು ಕಷ್ಟ, ಏಕೆಂದರೆ ಎಳೆಯಲು ಬರುವ ಗಾಡಿಯೂ ಅದೇ ಹೆಪ್ಪಿನ ಮೇಲೆ ನಿಲ್ಲಬೇಕು. ಈಗಾಗಲೇ ಗಾಡಿಗಳು ಓಡಾಡಿದ ಗುರುತಿನ ಮೇಲೆ ಮಾತ್ರ ಹೋಗಿ, ಮಳೆಯಾದ ನಂತರ ಅದನ್ನೂ ಬಿಡಿ. ಕಪ್ಪಾಗಿ, ತೇವವಾಗಿ ಕಾಣುವ ಜಾಗವನ್ನು ದೂರದಿಂದಲೇ ಸುತ್ತುಬಳಸಿ ಹೋಗಿ.

ಮೆಜೈರಾದಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿಕೊಳ್ಳಿ. ಮರಳಿನಲ್ಲಿ ಪೆಟ್ರೋಲು ಹೆದ್ದಾರಿಗಿಂತ ಎರಡು ಪಟ್ಟೋ ಅದಕ್ಕಿಂತಲೂ ಹೆಚ್ಚೋ ಹೋಗುತ್ತದೆ, ಟ್ಯಾಂಕಿನ ಅರ್ಧ ಮುಟ್ಟಿದ ಕೂಡಲೇ ರಸ್ತೆಯ ಕಡೆಗೆ ತಿರುಗಬೇಕು. ಎಂಜಿನ್ನಿನ ಬಿಸಿಯ ಮುಳ್ಳನ್ನು ಆಗಾಗ ನೋಡುತ್ತಿರಿ, ಏರುತ್ತಿದ್ದರೆ ಎಸಿ ಆರಿಸಿ, ಗಾಳಿ ಬೀಸುವ ದಿಕ್ಕಿಗೆ ಮೂತಿ ಮಾಡಿ ನಿಲ್ಲಿಸಿ, ಎಂಜಿನ್ ಆರಿಸದೆ ತಣಿಯಲು ಬಿಡಿ. ಸೂರ್ಯ ಮುಳುಗಲು ಒಂದು ತಾಸು ಮೊದಲೇ ಬೀಡು ಬಿಡುವ ಜಾಗ ಹುಡುಕಿ, ಬೇರೆ ಗಾಡಿಗಳು ರಾತ್ರಿ ಹತ್ತಿ ಬರಬಹುದಾದ ದಿಬ್ಬದ ಬುಡದಲ್ಲಿ ಡೇರೆ ಹಾಕಬೇಡಿ. ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಚಳಿ ಕೊರೆಯುತ್ತದೆ, ಕಂಬಳಿ ಮರೆಯಬೇಡಿ. ದೀಪಗಳನ್ನೆಲ್ಲ ಆರಿಸಿ ಮರಳಿನ ಮೇಲೆ ಬೆನ್ನು ಹಾಕಿ ಮಲಗಿದಾಗ ಕಾಣುವ ನಕ್ಷತ್ರಗಳಿಗಾಗಿಯೇ ನಾನು ಪ್ರತಿ ವರ್ಷ ಇಷ್ಟು ದೂರ ಹೋಗುತ್ತೇನೆ.

ಹೋಗಬಾರದ ಜಾಗಗಳು

2003ರಲ್ಲಿ ಸ್ಥಾಪನೆಯಾದ ದುಬೈ ಮರುಭೂಮಿ ಸಂರಕ್ಷಣಾ ಪ್ರದೇಶದೊಳಗೆ ಖಾಸಗಿ ಗಾಡಿಗಳನ್ನು ಒಯ್ಯುವಂತಿಲ್ಲ. ಅಲ್ಲಿ ಅರಬಿ ಓರಿಕ್ಸ್ ಮತ್ತು ಗೆಜೆಲ್ ಜಿಂಕೆಗಳು ಸ್ವತಂತ್ರವಾಗಿ ತಿರುಗುತ್ತವೆ. ಅಲ್ ಕುದ್ರಾ ಸುತ್ತಲಿನ ಅಲ್ ಮರ್ಮೂಮ್ ಕೂಡ ಸಂರಕ್ಷಿತ ಪ್ರದೇಶ. ಉಳಿದ ಕಡೆಯೂ ಒಂಟೆಗಳ ಬೇಲಿಯ ಹತ್ತಿರ ನಿಧಾನವಾಗಿ ಹೋಗಿ, ಮಳೆಯ ನಂತರ ಚಿಗುರಿದ ಹಸಿರನ್ನು ತುಳಿಯದೆ ಸುತ್ತುಬಳಸಿ ಹೋಗಿ. ದಬ್ಬ್ ಎಂದು ಕರೆಯುವ ಮುಳ್ಳುಬಾಲದ ಉಡದ ಬಿಲಗಳು ಗಟ್ಟಿ ನೆಲದಲ್ಲಿರುತ್ತವೆ, ಅವುಗಳ ಮೇಲೆ ಚಕ್ರ ಹಾಯಿಸಬೇಡಿ. ಮಳೆ ಬರುವಾಗ ವಾದಿಗಳಿಗೆ, ಅಂದರೆ ಬೆಟ್ಟದಿಂದ ಇಳಿಯುವ ಒಣ ಹೊಳೆಪಾತ್ರಗಳಿಗೆ ಇಳಿಯುವುದು ಜೀವಕ್ಕೇ ಅಪಾಯ. 2023ರಲ್ಲಿ ಬಂದ ನಿಯಮದ ಪ್ರಕಾರ ನೀರು ಹರಿಯುವ ವಾದಿಗೆ ಗಾಡಿ ಇಳಿಸಿದವರಿಗೆ 2,000 ದಿರ್ಹಮ್ ದಂಡ, ಚಾಲನಾ ಪರವಾನಗಿಯ ಮೇಲೆ 23 ಕಪ್ಪು ಅಂಕ ಮತ್ತು 60 ದಿನ ಗಾಡಿಯ ಜಪ್ತಿ.

ಪ್ಲಾಸ್ಟಿಕ್ ಚೀಲಗಳನ್ನು ಒಂಟೆಗಳು ತಿಂದು ಸಾಯುತ್ತವೆ. ನಿಮ್ಮ ಕಸವನ್ನು ಮಾತ್ರವಲ್ಲ, ಬೇರೆಯವರು ಬಿಟ್ಟುಹೋದದ್ದನ್ನೂ ಒಂದು ಚೀಲದಷ್ಟು ಹೆಕ್ಕಿ ತನ್ನಿ. ಉರಿದ ಇದ್ದಿಲನ್ನು ಮರಳಿನಲ್ಲಿ ಹೂಳಬೇಡಿ, ಅದು ಗಂಟೆಗಟ್ಟಲೆ ಕೆಂಡವಾಗಿಯೇ ಉಳಿದು ಬರಿಗಾಲಿನ ಮಕ್ಕಳ ಪಾದ ಸುಡುತ್ತದೆ; ನೀರು ಹಾಕಿ ಆರಿಸಿ ಜೊತೆಗೇ ಒಯ್ಯಿರಿ.

ಮತ್ತೆ ಡಾಂಬರಿಗೆ

ರಸ್ತೆಯ ಅಂಚಿಗೆ ಬಂದ ಮೇಲೆ ದಣಿವಿನಲ್ಲಿ ಹಾಗೆಯೇ ಮನೆಗೆ ಹೊರಡುವ ಆಸೆಯಾಗುತ್ತದೆ. ಗಾಳಿ ಕಡಿಮೆಯಿರುವ ಟೈರು ಹೆದ್ದಾರಿಯ ವೇಗದಲ್ಲಿ ಕಾದು ಸಿಡಿಯುತ್ತದೆ, ಆದ್ದರಿಂದ ಎಷ್ಟೇ ತಡವಾದರೂ ನಾಲ್ಕೂ ಟೈರುಗಳಿಗೆ ನಿಗದಿತ ಗಾಳಿ ತುಂಬಿ. ಸಣ್ಣ ಕಂಪ್ರೆಸರಿನಲ್ಲಿ ಇದಕ್ಕೆ ಅರ್ಧ ಗಂಟೆಯಾದರೂ ಬೇಕು. ಟ್ರ್ಯಾಕ್ಷನ್ ಕಂಟ್ರೋಲ್ ಮತ್ತೆ ಹಚ್ಚಿ, ಎರಡು ಚಕ್ರದ ಗೇರಿಗೆ ಬನ್ನಿ, ಬಾವುಟ ಬಿಚ್ಚಿಡಿ. ಗಾಡಿಯ ಕೆಳಗೆ ಬಗ್ಗಿ ಎಣ್ಣೆ ಸೋರುತ್ತಿದೆಯೇ, ನಂಬರ್ ಪ್ಲೇಟ್ ಇದೆಯೇ ಎಂದು ನೋಡಿ; ಪ್ಲೇಟು ಮರಳಿನಲ್ಲಿ ಕಳಚಿ ಬೀಳುವುದು ಬಹಳ ಸಾಮಾನ್ಯ. ಎಲ್ಲರ ಗಾಡಿಗೂ ಗಾಳಿ ತುಂಬಿ ಮುಗಿಯುವವರೆಗೆ ಯಾರೂ ಹೊರಡಬಾರದು.

ಮರುದಿನ ಗಾಡಿಯ ತಳವನ್ನು ಒತ್ತಡದ ನೀರಿನಿಂದ ತೊಳೆಸಿ. ಲಿವಾದಿಂದ ಬಂದಿದ್ದರೆ ಇದು ತಪ್ಪಲೇಬಾರದು, ಸಬ್ಖಾದ ಉಪ್ಪು ಉಳಿದರೆ ಕೆಲವೇ ತಿಂಗಳಲ್ಲಿ ತಳ ತುಕ್ಕು ಹಿಡಿಯುತ್ತದೆ. ಏರ್ ಫಿಲ್ಟರ್ ತೆಗೆದು ಮರಳು ಕೊಡವಿ, ರಿಮ್ಮಿನ ಒಳಬದಿಗೆ ಅಂಟಿದ ಮರಳನ್ನೂ ತೆಗೆಸಿ; ಹೆದ್ದಾರಿಯಲ್ಲಿ ಸ್ಟಿಯರಿಂಗ್ ನಡುಗುತ್ತಿದ್ದರೆ ಹೆಚ್ಚಿನ ಸಲ ಅದೇ ಕಾರಣ.